ದೇವರ ಸ್ವೆಟರಿಗೆ ನೀರುಳ್ಳಿ ಸಿಪ್ಪೆ

ಮುಂಬೈಯಲ್ಲಿ ಉಣ್ಣೆ ನೂಲು ಮಾರುತ್ತೇನೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ತಲೆಯ ಮೇಲೆ ಗರಗರ ತಿರುಗುವ ಫ್ಯಾನು ನೋಡುತ್ತಾರೆ. ಈ ಸೆಕೆಯ ಊರಿನಲ್ಲಿ ಉಣ್ಣೆ ಯಾರಿಗೆ ಬೇಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಹುಟ್ಟಿದ ಮಕ್ಕಳಿಗೆ ಬೇಕು. ಎ.ಸಿ. ಆಫೀಸಿನಲ್ಲಿ ನಡುಗುವವರಿಗೆ ಬೇಕು. ದೊಡ್ಡ ಮನೆಯ ನಾಯಿಗಳಿಗೆ ಬೇಕು. ದೇವರಿಗೂ ಬೇಕು ಎನ್ನುವುದು ಮಾತ್ರ ನನಗೆ ತಡವಾಗಿ ಗೊತ್ತಾಯಿತು. ಗೊತ್ತಾದ ಮೇಲೆ ಒಂದು ಇಡೀ ಹಬ್ಬದ ಕಾಲದ ನೆಮ್ಮದಿ ಹೋಯಿತು.

ವಡಾಲದ ನಮ್ಮ ಫ್ಲ್ಯಾಟೇ ನನ್ನ ಕಾರ್ಖಾನೆ. ಮಿಲ್ಲಿನಿಂದ ಬಿಳಿ ಉಣ್ಣೆ ಲಡಿಗಳಾಗಿ ಬರುತ್ತದೆ, ಅಡಿಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಅದಕ್ಕೆ ಗಿಡಮೂಲದ ಬಣ್ಣ ಹಾಕಿ ಮಾರುತ್ತೇನೆ. ಹೆಣೆಯುವ ಹುಚ್ಚಿನಿಂದ ಶುರು ಮಾಡಿದ್ದು. ಶುರುವಾದ ಮೇಲೆ ಹೆಣೆಯುವುದಕ್ಕೇ ಪುರುಸೊತ್ತು ಇಲ್ಲದಂತಾಯಿತು. ಆಸೆಪಟ್ಟು ತಂದ ನೂಲುವ ಚರಕದ ಮೇಲೆ ಈಗ ಗಂಡನ ಟವೆಲ್ ಒಣಗುತ್ತದೆ. ನನಗಾಗಿ ಹಾಕಿಕೊಂಡ ಒಂದು ಶಾಲು ಅರ್ಧಕ್ಕೆ ನಿಂತು, ಯಾವ ಡಿಸೈನ್ ಹಿಡಿದಿದ್ದೆ ಎಂಬುದೇ ಮರೆತುಹೋಗಿದೆ. ನೀರು ಬರುವುದು ಬೆಳಿಗ್ಗೆ ಮಾತ್ರ. ಆಗಲೇ ಮನೆಯವರ ಸ್ನಾನ, ಪಾತ್ರೆ, ಬಟ್ಟೆ, ನನ್ನ ಲಡಿಗಳ ತೊಳೆತ ಎಲ್ಲ ಮುಗಿಯಬೇಕು. ಇದರ ಮೇಲೆ ಸೊಸೈಟಿಯ ಸೆಕ್ರೆಟರಿ. ಕೆಳಗಿನ ಮನೆಯವರ ಬಿಳಿ ಚಾದರದ ಮೇಲೆ ನನ್ನ ಹಳದಿ ಹನಿ ಬಿತ್ತೆಂದು ಹೇಳುವುದಕ್ಕೆ ಅವರು ಮೆಟ್ಟಿಲು ಹತ್ತಿ ಬರದ ವಾರವಿಲ್ಲ.

ನನ್ನಲ್ಲಿ ಅತಿ ಹೆಚ್ಚು ಹೋಗುವುದು ಬಂಗಾರದ ಹಳದಿ. ಅದರ ಮೂಲ ಕುರ್ಲಾ ಸ್ಟೇಷನ್ ಹತ್ತಿರ ನನ್ನ ಭಾವ ನಡೆಸುವ ಹೋಟೆಲು. ಅಲ್ಲಿ ದಿನವೂ ಬೀಳುವ ನೀರುಳ್ಳಿ ಸಿಪ್ಪೆಯನ್ನು ಭಾವ ಗೋಣಿಯಲ್ಲಿ ತುಂಬಿಸಿ ಇಡುತ್ತಾರೆ. ಉಣ್ಣೆಯನ್ನು ಮೊದಲು ಪಟಿಕದ ನೀರಿನಲ್ಲಿ ಬೆಚ್ಚಗೆ ನೆನೆಸಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. ಸಿಪ್ಪೆಯನ್ನು ಬೇರೆ ಕುದಿಸಿ, ಸೋಸಿ, ಆರಿಸಿ, ಆ ಕಷಾಯದಲ್ಲಿ ಒದ್ದೆ ಲಡಿ ಇಳಿಸಿ ನಿಧಾನಕ್ಕೆ ಕಾಯಿಸಬೇಕು. ಕುದಿ ಬರಬಾರದು, ಕೈಯಾಡಿಸಬಾರದು, ಬಿಸಿಯಿಂದ ತೆಗೆದು ತಣ್ಣೀರಿಗೆ ಹಾಕಬಾರದು. ಹಾಕಿದರೆ ಉಣ್ಣೆ ಮುದುಡಿ ಕಂಬಳಿಯ ಚೂರಾಗುತ್ತದೆ. ಪಾತ್ರೆಯಲ್ಲೇ ತಾನಾಗಿ ತಣಿಯುವವರೆಗೆ ಕಾದರೆ ಮರುದಿನ ಏಳುವ ಹಳದಿಯನ್ನು ನಾನೇ ಎಷ್ಟೋ ಹೊತ್ತು ನೋಡುತ್ತಾ ನಿಲ್ಲುತ್ತೇನೆ. ಅಷ್ಟು ಚಂದ.

ಒಂದು ಪ್ರದರ್ಶನದಲ್ಲಿ ಈ ಹಳದಿಯ ಲಡಿಯೊಂದನ್ನು ವಿಕ್ರೋಳಿಯ ಗುಜರಾತಿ ಹೆಂಗಸೊಬ್ಬರು ಕೊಂಡುಹೋದರು. ವಯಸ್ಸಾದವರು, ಎಲ್ಲರೂ ಅವರನ್ನು ‘ಬಾ’ ಎಂದು ಕರೆಯುತ್ತಾರೆ, ಅಂದರೆ ಅಮ್ಮ. ದಸರಾಕ್ಕೆ ಮುಂಚೆ ಅವರ ಫೋನು ಬಂತು: ಭಜನಾ ಮಂಡಳಿಯ ಎಲ್ಲರಿಗೂ ಅದೇ ಹಳದಿ ಬೇಕು, ಕಾರ್ತಿಕದ ಏಕಾದಶಿಯೊಳಗೆ ಹೆಣೆದು ಮುಗಿಯಬೇಕು. ನನ್ನ ಬಾಲ್ಕನಿಯಲ್ಲಿ ಅಷ್ಟೂ ಒಂದೇ ಸಲಕ್ಕೆ ಆಗುವುದಿಲ್ಲ, ಎರಡು ಕಂತಿನಲ್ಲಿ ಕೊಡುತ್ತೇನೆ ಎಂದೆ. ಮೊದಲ ಕಂತು ಹೊತ್ತುಕೊಂಡು ಕುರ್ಲಾದಲ್ಲಿ ಲೋಕಲ್ ಬದಲಿಸಿ, ಚೀಲಕ್ಕಾಗಿ ಯಾರ್‍ಯಾರದೋ ಬೈಗಳು ತಿಂದು ವಿಕ್ರೋಳಿ ಮುಟ್ಟಿದೆ.

ಬಾ ಅವರ ಮನೆಯ ಹಾಲ್‌ನಲ್ಲಿ ಹೆಂಗಸರು ಸುತ್ತ ಕೂತಿದ್ದರು. ಮಣೆಯ ಮೇಲೆ ಪ್ರದರ್ಶನದ ಲಡಿಯಿಂದ ಹೆಣೆದ ಒಂದು ಸ್ವೆಟರು ಇತ್ತು. ನನ್ನ ಅಂಗೈಯಷ್ಟೇ ದೊಡ್ಡದು. ಕಾಲರು, ಗುಂಡಿ, ತೋಳಿನ ಅಂಚಿಗೆ ಜಡೆಯಂಥ ಡಿಸೈನ್. ಗೊಂಬೆಗಾ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಬಾ ಒಳಗಿನ ಕೋಣೆಯ ಕಡೆ ಕೈಮುಗಿದು, "ನಮ್ಮ ಠಾಕುರ್‌ಜಿಗೆ. ಏಕಾದಶಿ ಸಂಜೆ ನಾಲ್ಕು ತಿಂಗಳ ನಿದ್ದೆಯಿಂದ ಏಳುತ್ತಾರೆ, ಆಗಿನಿಂದ ಚಳಿ ಶುರು ಅಲ್ಲವಾ?" ಎಂದರು. ಅವರು ಆಡಿದ್ದು ಗುಜರಾತಿ ಬೆರೆತ ಹಿಂದಿ, ನನಗೆ ನೆನಪಿರುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ರತಿಯೊಬ್ಬಳ ಮನೆಯಲ್ಲೂ ಒಬ್ಬ ಬಾಲಕೃಷ್ಣ, ಪ್ರತಿಯೊಬ್ಬನಿಗೂ ಪೀತಾಂಬರದ ಬಣ್ಣದ ಸ್ವೆಟರು. ನನ್ನ ಕೈಗೆ ಡೋಕ್ಲಾದ ತಟ್ಟೆ ಕೊಟ್ಟು ಬಾ ಹೇಳಿದರು, "ಧೈರ್ಯವಾಗಿ ತಿನ್ನು ಬೇಟಾ. ನಮ್ಮಲ್ಲಿ ಕಾಂದಾ ಲಸೂಣ್ ಹೊಸಿಲು ದಾಟುವುದಿಲ್ಲ."

ಕಾಂದಾ ಎಂದರೆ ನೀರುಳ್ಳಿ, ಲಸೂಣ್ ಎಂದರೆ ಬೆಳ್ಳುಳ್ಳಿ. ಬಾಯಿಗೆ ಒಯ್ದ ಡೋಕ್ಲಾವನ್ನು ತಟ್ಟೆಗೇ ಇಳಿಸಿದೆ.

"ಹೂವಿನ ಬಣ್ಣ ಇರಬೇಕು," ಎಂದಳು ಒಬ್ಬಳು. "ಹಲ್ದೀ ಇರಬಹುದು," ಎಂದಳು ಇನ್ನೊಬ್ಬಳು. ಪ್ರಶ್ನೆಯೂ ಅವರದೇ ಉತ್ತರವೂ ಅವರದೇ, ನನ್ನನ್ನು ಯಾರೂ ಕೇಳಲಿಲ್ಲ. ಬಾ ಮೊದಲ ಕಂತಿನ ಲಡಿಗಳನ್ನು ಕೆನ್ನೆಗೆ ಒತ್ತಿಕೊಂಡು, "ಉಳಿದದ್ದು ಬರುವವರೆಗೆ ಸೂಜಿ ಮುಟ್ಟುವುದಿಲ್ಲ, ಎಲ್ಲ ಒಟ್ಟಿಗೆ ಶುರು," ಎಂದರು. ಆ ಮಾತು ಕೇಳಿ ನನಗೆ ಸ್ವಲ್ಪ ಜೀವ ಬಂತು. ಆ ಒಂದು ಬಿಟ್ಟರೆ ಇನ್ನೂ ಹೆಣೆದಿಲ್ಲ, ದೇವರು ಇನ್ನೂ ತೊಟ್ಟಿಲ್ಲ, ಏಕಾದಶಿ ಇನ್ನೂ ದೂರ ಇದೆ.

ಮನೆಯಲ್ಲಿ ಹೇಳಿದೆ. ನಮ್ಮ ಅತ್ತೆ ಉಡುಪಿಯ ಕಡೆಯವರು, ಮಡಿಯವರು, ನೀರುಳ್ಳಿ ಬಿಟ್ಟು ಬಹಳ ಕಾಲವಾಯಿತು. ಅವರೇ ಬಾಯಿಗೆ ಕೈ ಇಡುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕುಬಿಟ್ಟರು. "ಉಣ್ಣೆಗೆ ಎಂಥ ಮೈಲಿಗೆ ಮಾರಾಯ್ತಿ? ನಾವು ಮಡಿಗೆ ಉಣ್ಣೆಯ ಧಾಬಳಿ ಉಡುವುದಿಲ್ಲವಾ? ಯಾರು ಮುಟ್ಟಿದರೂ ಅದಕ್ಕೆ ಮೈಲಿಗೆ ಇಲ್ಲ. ಬಣ್ಣದಿಂದ ಎಲ್ಲಿ ಬಂತು?"

ಭಾವನಿಗೆ ಫೋನು ಮಾಡಿದೆ. "ಸಿಪ್ಪೆ ಯಾರು ತಿಂತಾರೆ? ಸಿಪ್ಪೆ ನೀರುಳ್ಳಿ ಅಲ್ಲ," ಎಂದು ತೀರ್ಪು ಕೊಟ್ಟರು. "ಹಾಗೆಲ್ಲ ನೋಡ್ಲಿಕ್ಕೆ ಹೋದ್ರೆ ನಮ್ಮ ಹೋಟೆಲಿನ ನೀರುಳ್ಳಿ ಇಲ್ಲದ ಜೈನ್ ಸಾಂಬಾರ್ ಯಾವ ಸೌಟಲ್ಲಿ ತಿರುಗಿಸ್ತಾರೆ ಅಂತ ಕೇಳ್ಬೇಕಾಗ್ತದೆ. ನೀನು ಕೇಳ್ಬೇಡ."

ಗಂಡ ಟಿ.ವಿ.ಯಿಂದ ಕಣ್ಣು ತೆಗೆಯದೆ, "ಸುಮ್ನಿರು, ಎಲ್ಲ ಸರಿ ಆಗ್ತದೆ," ಎಂದರು. ನಮ್ಮ ಮನೆಯಲ್ಲಿ ಸರಿ ಆದದ್ದೆಲ್ಲ ನಾನು ಸುಮ್ಮನಿರದ್ದರಿಂದ ಎಂಬುದನ್ನು ಅವರಿಗೆ ಹೇಳಿ ಪ್ರಯೋಜನವಿಲ್ಲ.

ನನಗೆ ಸಿಟ್ಟು ಬಂದದ್ದು ಯಾರ ಮೇಲೆ ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ. ನಾನು ಸುಳ್ಳು ಹೇಳಿರಲಿಲ್ಲ, ‘ಗಿಡಮೂಲದ ಬಣ್ಣ’ ಎಂದಷ್ಟೇ ಹೇಳಿದ್ದೆ, ನೀರುಳ್ಳಿಯೂ ಗಿಡವೇ. ಆದರೆ ಆ ಮುದುಕಿ ಲಡಿಯನ್ನು ಕೆನ್ನೆಗೆ ಒತ್ತಿಕೊಂಡದ್ದು ಕಣ್ಣಿಂದ ಹೋಗಲಿಲ್ಲ. ಇಡೀ ಬದುಕು ಬಾಗಿಲ ಹೊರಗೆ ನಿಲ್ಲಿಸಿದ್ದನ್ನು ಅವರು ತಮ್ಮ ಕೈಯಾರೆ ದೇವರ ಮೈಗೆ ತೊಡಿಸುತ್ತಾರೆ, ಅದೂ ನನ್ನಿಂದ. ಇದು ನನಗೆ ಸಹಿಸಲಾಗಲಿಲ್ಲ. ಹಾಗೆಂದು ನೆಟ್ಟಗೆ ಹೇಳುವ ಧೈರ್ಯವೂ ಬರಲಿಲ್ಲ. ಮುಂದೆ ವರ್ಷವರ್ಷವೂ ನೆಚ್ಚಬಹುದಾದ ಗಿರಾಕಿ ನನಗೆ ಅವರು ಮಾತ್ರ.

ಆದ್ದರಿಂದ ಒಂದು ಉಪಾಯ ಮಾಡಿದೆ. ಅದೇ ಹಳದಿಯನ್ನು ಚೆಂಡುಹೂವಿನಿಂದ ತೆಗೆಯುವುದು. ಎಷ್ಟು ಬೇಕೋ ಅಷ್ಟೂ ಹೂವಿನದೇ ಮಾಡಿ ಒಯ್ಯುವುದು, ‘ಮೊದಲ ಕಂತು ಬಣ್ಣ ಬಿಡುತ್ತದೆ’ ಎಂದು ನೆಪ ಹೇಳಿ ಹಳೆಯದನ್ನು, ಆ ಪುಟ್ಟ ಸ್ವೆಟರನ್ನೂ ಸೇರಿಸಿ, ವಾಪಸು ತರುವುದು. ಯಾರ ಮನಸ್ಸೂ ನೋಯುವುದಿಲ್ಲ.

ದಾದರಿನ ಹೂವಿನ ಮಾರ್ಕೆಟ್ಟಿನಿಂದ ಚೆಂಡುಹೂವು ತಂದೆ. ಹೂವಿನ ಹಳದಿ ಹಸಿರಿಗೆ ವಾಲುತ್ತದೆ, ನಿಂಬೆಹಣ್ಣಿನ ಹಾಗೆ. ನೀರುಳ್ಳಿಯದು ಕೆಂಪಿಗೆ ವಾಲುತ್ತದೆ. ಆಯುರ್ವೇದದ ಅಂಗಡಿಯಿಂದ ಕೆಂಪು ಕೊಡುವ ಮಂಜಿಷ್ಠದ ಬೇರಿನ ಪುಡಿ ತಂದು ಚಿಟಿಕೆ ಸೇರಿಸಿದೆ. ಕಿತ್ತಳೆಯಾಯಿತು. ಕಡಿಮೆ ಮಾಡಿದರೆ ಮತ್ತೆ ನಿಂಬೆ. ಒಮ್ಮೆ ಸೆಕ್ರೆಟರಿಯ ಜೊತೆ ಬಾಗಿಲಲ್ಲಿ ವಾದ ಮಾಡುತ್ತಿದ್ದಾಗ ಪಾತ್ರೆ ಕುದಿದುಹೋಗಿ ಹಳದಿ ಹೋಗಿ ಕೆಸರಾಯಿತು. ತುಂಡು ತುಂಡು ನೂಲು ಅದ್ದಿ, ಒಣಗಿಸಿ, ಕಿಟಕಿಯ ಬೆಳಕಿನಲ್ಲಿ ಹಳೆಯದರ ಪಕ್ಕ ಹಿಡಿದು ನೋಡುವುದೇ ನನ್ನ ದಿನಚರಿಯಾಯಿತು.

ಕಡೆಗೂ ಒಂದು ಪಾಕ ಕೂಡಿಬಂತು. ಲಡಿಗಳನ್ನು ಇಳಿಸಿ ಸ್ನಾನಕ್ಕೆ ಹೋಗಿ ಬಂದೆ. ಮರುದಿನ ಸೋಪಿನ ನೀರಿನಲ್ಲಿ ಅದ್ದಿದ್ದೇ ತಡ, ಹಳದಿಯ ಮೈಮೇಲೆ ಅಲ್ಲಲ್ಲಿ ರಕ್ತಗೆಂಪು ಕಲೆ ಎದ್ದವು. ಅತ್ತೆ ಇಣುಕಿ ನೋಡಿ, "ಓ, ಕುಂಕುಮ ಆಯಿತಲ್ಲ! ಒಳ್ಳೇದೇ," ಎಂದರು.

"ಎಂಥ ಹಾಕಿದ್ರಿ ಅತ್ತೆ?"

"ದೇವರ ಬಟ್ಟೆ ಅಲ್ವಾ? ನೀನು ಒಳಗೆ ಹೋದಾಗ ಒಂದು ಚೂರು ಅರಸಿನ ಹಾಕಿದೆ. ಶುಭ."

ಅರಸಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ ಎಂದು ಸುಣ್ಣ ಬೆರೆಸಿ ಮನೆಯಲ್ಲೇ ಕುಂಕುಮ ಮಾಡುವ ಅತ್ತೆಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿಸಿ ಕೀಲಿ ನನ್ನ ಹತ್ತಿರವೇ ಇಟ್ಟುಕೊಂಡೆ. ಮತ್ತೆ ಮೊದಲಿನಿಂದ ಶುರು.

ಮುಂದಿನ ಪ್ರಯತ್ನಕ್ಕೆ ಬಣ್ಣ ಕೂಡಿತು. ಎಷ್ಟು ಕೂಡಿತೆಂದರೆ ಹಳೆಯ ಲಡಿಯನ್ನೂ ಹೊಸದನ್ನೂ ಹೆಣೆದು ಜಡೆ ಹಾಕಿ ಕಣ್ಣು ಮುಚ್ಚಿ ತೆರೆದರೆ ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ. ಹೆಮ್ಮೆಪಟ್ಟೆ ಎಂದು ಹೇಳುವುದಕ್ಕೆ ಈಗ ನಾಚಿಕೆಯಾಗುತ್ತದೆ. ಲಡಿಗಳನ್ನು ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟೆ, ಮರುದಿನ ಹೋಗಿ ನೆಪ ಹೇಳಿ ಅದಲುಬದಲು ಮಾಡಿ ಬರುವುದೆಂದು.

ಬೆಳಿಗ್ಗೆ ಚೀಲ ಇರಲಿಲ್ಲ. ನನ್ನ ಗಂಡನ ಆಫೀಸು ವಿಕ್ರೋಳಿಯಲ್ಲೇ. ಫೋನು ಮಾಡಿದರೆ ಖುಷಿಯಿಂದ ಹೇಳಿದರು, "ನಿಂಗೆ ಪಾಪ ಲೋಕಲ್‌ನಲ್ಲಿ ಕಷ್ಟ ಆಗ್ತದೆ ಅಂತ ನಾನೇ ಕೊಟ್ಟು ಬಂದೆ. ಮುದುಕಿ ಚಾ ಕೊಟ್ರು, ಒಳ್ಳೆಯವರು." ಮದುವೆಯಾದ ಮೇಲೆ ಈ ಮನುಷ್ಯ ನಾನು ಹೇಳದೆ ಒಂದು ಲೋಟ ಎತ್ತಿಟ್ಟದ್ದಿಲ್ಲ. ಎತ್ತಿದ್ದು ಇದೊಂದು ಚೀಲ.

ಹಬ್ಬದ ಗಡಿಬಿಡಿ, ಅತ್ತೆಯ ಜ್ವರ ಎಂದು ಕೂಡಲೇ ಹೊರಡಲಾಗಲಿಲ್ಲ. ದೀಪಾವಳಿ ಕಳೆದ ಕೂಡಲೇ ಓಡಿದೆ. ಬಾ ಬಾಗಿಲಲ್ಲೇ ನನ್ನ ಕೈಹಿಡಿದು ಒಳಗೆ ಎಳೆದುಕೊಂಡು ಹೋದರು. ಹಾಲ್ ತುಂಬ ಅರ್ಧ ಹೆಣೆದ ಪುಟ್ಟ ಸ್ವೆಟರುಗಳು. "ಎರಡು ಸಲ ಬಣ್ಣ ಹಾಕಿದ ನೂಲು ಎಂದೂ ಒಂದೇ ಇರುವುದಿಲ್ಲ, ನನಗೆ ಗೊತ್ತು," ಎಂದರು ಬಾ. "ಅದಕ್ಕೇ ಎಲ್ಲರಿಗೂ ಹೇಳಿದೆ, ಹಳೆಯ ಲಡಿಯಿಂದ ಎರಡು ಸಾಲು, ಹೊಸ ಲಡಿಯಿಂದ ಎರಡು ಸಾಲು. ನೋಡು, ಎಲ್ಲಾದರೂ ಗೆರೆ ಕಾಣುತ್ತದಾ?"

ಕಾಣುತ್ತಿರಲಿಲ್ಲ. ಪಳಗಿದ ಕೈಯ ಯಾರಾದರೂ ಮಾಡುವುದು ಅದನ್ನೇ, ನಾನೇ ಗಿರಾಕಿಗಳಿಗೆ ಹೇಳಿಕೊಡುವುದೂ ಅದನ್ನೇ. ಎರಡು ಸಾಲು ನೀರುಳ್ಳಿ, ಎರಡು ಸಾಲು ಹೂವು, ಎರಡು ಸಾಲು ನೀರುಳ್ಳಿ. ಎಲ್ಲ ದೇವರಿಗೂ ಸಮನಾಗಿ ಹಂಚಿತ್ತು. ಇನ್ನು ನೆಪ ಹೇಳಿ ವಾಪಸು ತರುವುದಕ್ಕೆ ಬೇರೆ ಲಡಿ ಎಂಬುದೇ ಉಳಿದಿರಲಿಲ್ಲ. ಸುಮ್ಮನೆ ಎದ್ದು ಬಂದಿದ್ದರೆ ಈ ಭೂಮಿಯ ಮೇಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟು ಚೆನ್ನಾಗಿ ನಾನು ಬಣ್ಣ ಕೂಡಿಸಿದ್ದೆ.

ಹೇಳಿಬಿಟ್ಟೆ. ಕೂತಲ್ಲೇ, ಪೀಠಿಕೆ ಇಲ್ಲದೆ, ತಪ್ಪುತಪ್ಪು ಹಿಂದಿಯಲ್ಲಿ. ಮೊದಲ ಕಂತಿನ ಬಣ್ಣ ಕಾಂದಾದ ಸಿಪ್ಪೆಯದು, ಎರಡನೆಯದು ಹೂವಿನದು ಎಂದೆ.

ಸೂಜಿಗಳ ಸದ್ದು ನಿಂತಿತು. ಒಬ್ಬಳು ಮಡಿಲಲ್ಲಿದ್ದುದನ್ನು ಬಿಸಿ ಪಾತ್ರೆ ಬಿಟ್ಟ ಹಾಗೆ ನೆಲಕ್ಕೆ ಬಿಟ್ಟಳು. ಬಾ ಮಾತ್ರ ನನ್ನನ್ನೇ ನೋಡುತ್ತಿದ್ದರು.

"ಹೂವನ್ನು ಯಾವ ಪಾತ್ರೆಯಲ್ಲಿ ಕುದಿಸಿದೆ?"

ಅದೇ ಪಾತ್ರೆಯಲ್ಲಿ. ನನ್ನ ಹತ್ತಿರ ಅಷ್ಟು ದೊಡ್ಡ ಪಾತ್ರೆ ಇದ್ದದ್ದು ಒಂದೇ. ಇಷ್ಟು ದಿನ ಹೂವು, ಮಂಜಿಷ್ಠ, ಚಿಟಿಕೆ, ಬೆಳಕು ಎಂದು ತಲೆ ಕೆಡಿಸಿಕೊಂಡವಳಿಗೆ ಈ ಒಂದು ಪ್ರಶ್ನೆ ಹೊಳೆದೇ ಇರಲಿಲ್ಲ. ಅಂದರೆ ನನ್ನ ಉಪಾಯ ಫಲಿಸಿದ್ದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ ಆಗುತ್ತಿತ್ತು.

"ನೀನು ಹೇಳದೆ ಇದ್ದಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ," ಎಂದರು ಬಾ.

"ಇಲ್ಲ, ಬಾ."

"ಹೇಳದಿದ್ದರೆ ಪಾಪ ನಿನ್ನದಾಗುತ್ತಿತ್ತು. ಈಗ ಹೇಳಿದೆ, ಕೆಲಸ ನಮ್ಮದಾಯಿತು." ಅವರ ಧ್ವನಿಯಲ್ಲಿ ಕ್ಷಮೆ ಗಿಮೆ ಏನೂ ಇರಲಿಲ್ಲ. ಇದ್ದದ್ದು ಶುದ್ಧ ಕಿರಿಕಿರಿ. ಕೈಯಲ್ಲಿದ್ದ ಸ್ವೆಟರಿನಿಂದ ಸೂಜಿ ಹಿರಿದು, ನೂಲಿನ ತುದಿ ಹಿಡಿದು ಎಳೆದರು. ಸಾಲುಸಾಲಾಗಿ ಬಿಚ್ಚಿಹೋಯಿತು. ಮಣೆಯ ಮೇಲಿದ್ದ ಆ ಮೊದಲ ಸ್ವೆಟರನ್ನೂ ಅವರೇ ಬಿಚ್ಚಿದರು, ಗಂಟು ಊದಿದ ಬೆರಳುಗಳಿಂದ, ಕಾಲರಿನಿಂದ ಹಿಡಿದು. ಅದನ್ನು ನೋಡುವುದು ನನಗೆ ಬಹಳ ಕಷ್ಟವಾಯಿತು. ನಾನೂ ಒಂದನ್ನು ಎತ್ತಿಕೊಂಡು ಬಿಚ್ಚಲು ಕೂತೆ. ಬೇಡ ಎಂದು ಯಾರೂ ಹೇಳಲಿಲ್ಲ.

ನೆಲದ ಮೇಲೆ ಗುಂಗುರು ಗುಂಗುರಾಗಿ ಬಿದ್ದ ಹಳದಿ ರಾಶಿ ನೋಡಿ ಒಬ್ಬಳು, ಇದನ್ನೀಗ ಏನು ಮಾಡುವುದು ಎಂದಳು. ಮೂಲೆಯ ಕುರ್ಚಿಯಲ್ಲಿ ಬಾ ಅವರ ಗಂಡ ಪೇಪರು ಓದುತ್ತಿದ್ದರು. "ಇವರಿಗೆ ಟೋಪಿ ಹೆಣೆಯೋಣ," ಎಂದರು ಬಾ. "ಸ್ಟೇಷನ್ ಹತ್ತಿರ ನಿಂತು ಕಾಂದಾ ಭಜಿ ತಿನ್ನುವುದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ." ಪೇಪರು ನಿಧಾನಕ್ಕೆ ಮೇಲಕ್ಕೇರಿ ಮುಖ ಪೂರ್ತಿ ಮುಚ್ಚಿತು.

ಹೊರಡುವಾಗ ಬಾ ಷರತ್ತು ಹೇಳಿದರು. ಹೊಸ ಪಾತ್ರೆ. ಹೊಸ ಉಣ್ಣೆ. ಹೂವು ತಾಜಾ ಇರಬೇಕು, ಬಾಗಿಲಿಗೆ ಕಟ್ಟಿದ್ದು ಬೇಡ, ದೇವರಿಗೆ ಏರಿಸಿ ಇಳಿಸಿದ್ದೂ ಬೇಡ. ದೀಪಾವಳಿ ಮುಗಿದ ಮೇಲೆ ಮುಂಬೈಯಲ್ಲಿ ಬೇಕಾದಷ್ಟು ಚೆಂಡುಹೂವು ಇದೆ, ಎಲ್ಲವೂ ಬಾಗಿಲಿಗೆ ಕಟ್ಟಿ ಬಾಡಿದ್ದು. ತಾಜಾ ಹೂವಿಗಾಗಿ ದಿನಾ ದಾದರಿಗೆ ಅಲೆದೆ. ಪಾತ್ರೆಯ ವಿಷಯ ಅತ್ತೆಗೆ ಹೇಳಿದೆ. ಉಣ್ಣೆಗೆ ಮೈಲಿಗೆ ಇಲ್ಲವೆಂದು ಮತ್ತೆ ಶುರು ಮಾಡುತ್ತಾರೆ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ಅವರು ಒಳಗೆ ಹೋಗಿ, ಹಬ್ಬದ ಪಾಯಸಕ್ಕೆ ಮಾತ್ರ ಇಳಿಸುವ ತಮ್ಮ ಮಡಿಯ ಸ್ಟೀಲ್ ಪಾತ್ರೆ ತಂದು ನನ್ನ ಮುಂದೆ ಇಟ್ಟರು. "ತಕೊ. ವಾಪಸು ಬೇಡ. ಪಟಿಕ ಹಾಕಿದ್ರಲ್ಲಿ ಪಾಯಸ ಮಾಡ್ಲಿಕ್ಕೆ ಆಗುದಿಲ್ಲ," ಎಂದು ಬೈಯುವ ಹಾಗೆ ಹೇಳಿದರು.

ಈ ಸಲ ಬಂಗಾರದ ಹಳದಿ ಬರಲಿಲ್ಲ. ಮಂಜಿಷ್ಠ ಹಾಕಲಿಲ್ಲ, ಏನನ್ನೂ ಕೂಡಿಸಲು ಹೋಗಲಿಲ್ಲ. ಹೂವು ಕೊಟ್ಟ ನಿಂಬೆಹಳದಿಯನ್ನೇ ಒಯ್ದೆ. ಬಾ ಅದನ್ನು ಬೆಳಕಿಗೆ ಹಿಡಿದು, "ಮೊದಲಿನದೇ ಚಂದ ಇತ್ತು," ಎಂದು ಮುಖ ಊದಿಸಿದರು. ನನ್ನ ಎದುರೇ ಹಂಚಿ ಶುರು ಮಾಡಿದರು. ಹೆಣೆಯಲು ನಾನೂ ಕೂರಲಾ ಎಂದು ಕೇಳಿದೆ. "ನೀನು ಕಾಂದಾ ತಿನ್ನುತ್ತೀಯಲ್ಲ?" ಎಂದರು. ತಿನ್ನುತ್ತೇನೆ. ಹಾಗಾಗಿ ಲಡಿ ಸುತ್ತಿ ಉಂಡೆ ಮಾಡಿಕೊಟ್ಟು ಬಂದೆ. ದೇವರ ಬಟ್ಟೆ ಬಿಚ್ಚುವುದಕ್ಕೆ ನನ್ನ ಕೈ ಆಗುತ್ತದೆ, ಹೆಣೆಯುವುದಕ್ಕೆ ಆಗುವುದಿಲ್ಲ ಎಂದು ಲೋಕಲ್‌ನಲ್ಲಿ ಕೂತು ಬಹಳ ಹೊತ್ತು ಉರಿದುಕೊಂಡೆ.

ಏಕಾದಶಿಯ ಬೆಳಿಗ್ಗೆ ಬಾ ಫೋನು ಮಾಡಿ, ಒಂದು ಲಡಿ ಕಡಿಮೆ ಬಿದ್ದಿದೆ ಎಂದರು. ಕೊಂಡುಹೋದೆ. ಉಳಿದವರೆಲ್ಲ ಮುಗಿಸಿ ತಮ್ಮ ತಮ್ಮ ಮನೆಯಲ್ಲಿ ಸಂಜೆಯ ತಯಾರಿಗೆ ಹೋಗಿದ್ದರು. ಬಾ ಅವರ ಸ್ವೆಟರಿಗೆ ಮಾತ್ರ ಒಂದು ತೋಳು ಬಾಕಿ. ಎಲ್ಲರಿಗೂ ಸಹಾಯ ಮಾಡುತ್ತಾ ತಮ್ಮದನ್ನು ಕೊನೆಗೆ ಉಳಿಸಿಕೊಂಡಿದ್ದರು, ಈಗ ಬೆರಳು ಮಡಿಸಲಾಗುತ್ತಿರಲಿಲ್ಲ. ಸೂಜಿ ಹಿಡಿಯುತ್ತಿದ್ದರು, ಬಿಡುತ್ತಿದ್ದರು. ನಾನು ಕೈ ಚಾಚಲಿಲ್ಲ. ನನಗೂ ಸ್ವಾಭಿಮಾನ ಇದೆ.

"ಇವತ್ತು ಏನು ತಿಂದೆ?" ಎಂದರು ಇದ್ದಕ್ಕಿದ್ದಂತೆ.

"ಏನೂ ಇಲ್ಲ. ಏಕಾದಶಿ ದಿನ ನಮ್ಮ ಅತ್ತೆ ಒಲೆ ಹಚ್ಚಲು ಬಿಡುವುದಿಲ್ಲ."

"ನಿನ್ನೆ?"

ನೆನಪು ಮಾಡಿಕೊಂಡೆ. ದಶಮಿ. ಆ ದಿನವೂ ಅತ್ತೆಯ ಅಡಿಗೆ, ನೀರುಳ್ಳಿ ಇಲ್ಲದ ಸಪ್ಪೆ ಸಾರು. ಹೇಳಿದೆ.

ಬಾ ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿದರು. ಆಮೇಲೆ, "ಕೈ ತೊಳೆದು ಬಾ," ಎಂದರು.

ಎಷ್ಟೋ ತಿಂಗಳ ಮೇಲೆ ನನ್ನ ಕೈಗೆ ಸೂಜಿ ಬಂದಿತ್ತು. ನಾನೇ ಬಣ್ಣ ಹಾಕಿದ ನೂಲು, ಮಾರುವುದಕ್ಕಲ್ಲ, ಅಳೆಯುವುದಕ್ಕಲ್ಲ, ಹೆಣೆಯುವುದಕ್ಕೆ. ನನ್ನ ಹೆಬ್ಬೆರಳೂ ತೂರದಷ್ಟು ಸಣ್ಣ ತೋಳು. ಸಾಲು ಏರುತ್ತಾ ಹೋದ ಹಾಗೆ ಖುಷಿಗೆ ಕಣ್ಣು ತುಂಬಿ ಬಂತು, ಅದನ್ನು ಬಾ ನೋಡದಿರಲೆಂದು ತಲೆ ಬಗ್ಗಿಸಿಯೇ ಮುಗಿಸಿದೆ. ಸೂರ್ಯ ಎದುರಿನ ಬಿಲ್ಡಿಂಗಿನ ಹಿಂದೆ ಇಳಿಯುತ್ತಿದ್ದ. ಒಳಗೆ ಆರತಿಯ ತಟ್ಟೆ ಸಿದ್ಧವಾಗಿತ್ತು.

ಬಾ ಕನ್ನಡಕ ಏರಿಸಿ, ತೋಳನ್ನು ಎಳೆದು, ತಿರುಗಿಸಿ, ಮತ್ತೆ ಎಳೆದು ನೋಡಿದರು.

"ಸಡಿಲ ಇದೆ," ಎಂದರು. "ಬಿಚ್ಚು. ಇನ್ನೂ ಹೊತ್ತಿದೆ."

ಬಿಚ್ಚಿದೆ.